ಬಾಡಿ ಹಳೇದು, ಇಂಜಿನ್ ಬೇರೆ

ಅಣ್ಣನ ಲಾರಿಯಲ್ಲಿ ನಾನು ಕ್ಲೀನರ್ ಆಗಿದ್ದಾಗ ಒಂದು ಕಟ್ಟುಪಾಡು ಇತ್ತು. ಲಾರಿ ಓಡುತ್ತಿರಲಿ, ನಿಂತಿರಲಿ, ಡ್ರೈವರ್ ಸೀಟಿನಲ್ಲಿ ಕ್ಲೀನರ್ ಕೂರುವಂತಿಲ್ಲ. ಮುಂದಿನ ಗಾಜಿನ ಒಳಬದಿ ಒರೆಸಬೇಕಾದರೂ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ನಿಂತು, ಮೈ ಚಾಚಿ ಒರೆಸಬೇಕು. ಅಣ್ಣ ಇದನ್ನು ಹೇಳಿದ್ದು ಒಂದೇ ಸಲ. ಲಾರಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಆ ಮಾತು ನನ್ನ ಮೈಯಿಂದ ಹೋಗಿರಲಿಲ್ಲ.

ಲಾರಿ ಬಿಟ್ಟಿದ್ದೂ ಅಣ್ಣ ಹೇಳಿದ್ದಕ್ಕೇ. ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನು. ಕುಪ್ಪಗಡ್ಡೆ ಕಡೆಯಿಂದ ಭತ್ತ ತುಂಬಿಕೊಂಡು ಬರುವಾಗ ದಾರಿಯ ಚೆಕ್‌ಪೋಸ್ಟಿನಲ್ಲಿ ಕೊಡುತ್ತಿದ್ದ ಚೀಟಿಗಳನ್ನು ಓದಲು ತಡವರಿಸುತ್ತಿದ್ದೆ. ಒಂದು ದಿನ ಅಣ್ಣ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡ.

“ಜನ್ಮ ಪೂರಾ ಹಿಂದೆ ನಿಂತ್ಕಂಡು ಬರ್ಲಿ ಬರ್ಲಿ ಅಂತ ಕೂಗೋದೇ ಆತಲ್ಲೋ ನಿಂದು. ಹೋಗು, ಎಸ್ಸೆಸ್ಸೆಲ್ಸಿ ಕಟ್ಟು.”

ಮೀಸೆ ದಪ್ಪಗಾದ ಮೇಲೆ ಹುಡುಗರ ನಡುವೆ ಕೂತು ಪರೀಕ್ಷೆ ಬರೆದು ಪಾಸಾದೆ. ಟೈಪಿಂಗ್ ಕಲಿತೆ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟೆ. ಅಣ್ಣ ಸೊರಬದಲ್ಲೇ ಉಳಿದ, ಲಾರಿಯ ಜೊತೆ.

ತೊಂಬತ್ತರ ದಶಕದ ಮಧ್ಯದಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು ಬೇಗ ಸರಿಹೋಯಿತು. ಎಡಗಾಲನ್ನು ಎಳೆಯುತ್ತಾ ಮನೆಯೊಳಗೆ ಓಡಾಡುವಷ್ಟಾಯಿತು. ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಲಾರಿಯಲ್ಲಿ ಗೇರು ಹಾಕುವುದು ಎಡಗೈಯಲ್ಲಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲಾರಿ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅತ್ತಿಗೆ ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಿದ್ದಳು. ಡಾಕ್ಟರು ಬೆರಳಾಡಿಸಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಣ್ಣ ಅದನ್ನು ಕಿಟಕಿಯಿಂದ ಹೊರಗೆ ಎಸೆದಿದ್ದ.

ನನ್ನ ಹತ್ತಿರ ಆಗ ಒಂದು ಹಳೆಯ ಕಂಪ್ಯೂಟರ್ ಇತ್ತು. ಶಿವಮೊಗ್ಗದ ಯಾವುದೋ ಆಫೀಸಿನವರು ಬೇಡವೆಂದು ಮಾರಿದ್ದು. ಅಂಗಡಿಗೆ ಆದೀತೆಂದು ತಂದಿದ್ದೆ, ಆದರೆ ಅದರಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಒಳಗೆ ಯಾರೋ ಹಾಕಿಟ್ಟ ಒಂದು ಕಾರಿನ ಆಟ ಮಾತ್ರ ಇತ್ತು. ಪರದೆಯ ಮೇಲೆ ರಸ್ತೆ ಕೆಳಗಿಳಿದು ಬರುತ್ತದೆ, ಎದುರು ಬರುವ ಗಾಡಿಗಳನ್ನು ತಪ್ಪಿಸುತ್ತಾ ಕೊನೆ ಮುಟ್ಟಬೇಕು. ಅಣ್ಣನಿಗೆ ಹೊತ್ತು ಹೋಗಲಿ ಎಂದು ಒಂದು ಭಾನುವಾರ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸೊರಬಕ್ಕೆ ಒಯ್ದೆ.

ಮೊದಲು ಬಲಗೈಯಲ್ಲೇ ಆಡಿದ. ಕೆಲವು ವಾರ ಬಿಟ್ಟು ಹೋದಾಗ ನೋಡುತ್ತೇನೆ, ಕೀಬೋರ್ಡನ್ನು ಎಡಕ್ಕೆ ಸರಿಸಿ ಇಟ್ಟಿದ್ದಾನೆ. ಬಾಣದ ಗುರುತಿನ ಗುಂಡಿಗಳ ಮೇಲೆ ಅವನ ಎಡಗೈ ಇದೆ. ನನ್ನನ್ನು ನೋಡಿದ್ದೇ ಕೈ ತೆಗೆದು, “ಹೊರಗೆ ಕೂತ್ಕ, ಬಂದೆ” ಅಂದ. ಯಾರಾದರೂ ನೋಡುತ್ತಿದ್ದರೆ ಆಡುತ್ತಿರಲಿಲ್ಲ.

ಅಡಿಗೆಮನೆಯಲ್ಲಿ ಅತ್ತಿಗೆ ದನಿ ತಗ್ಗಿಸಿ ಹೇಳಿದಳು: “ಎಡಗೈಲೇ ಆ ರಸ್ತೆ ಕೊನೆ ಮುಟ್ಸಿದ್ರೆ ಲಾರಿ ಹತ್ತತಾರಂತೆ. ಆಗ್ಲಿಲ್ಲ ಅಂದ್ರೆ ಮಾರೋದಂತೆ. ನನ್ ಮುಂದೆ ಆಣೆ ಹಾಕ್ಯಾರೆ. ನಿಂಗೆ ಹೇಳಿದ್ದು ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ, ನೋಡಪ್ಪಾ.”

ಅವತ್ತಿನಿಂದ ನಾನೂ ಆ ರಸ್ತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೆ. ಒಂದು ವಾರ ಮರಗಳ ಸಾಲು ದಾಟಿದನಂತೆ. ಇನ್ನೊಂದು ವಾರ ಸೇತುವೆ. ಸೇತುವೆಯಾಚೆ ಗಾಡಿಗಳು ಒಟ್ಟೊಟ್ಟಿಗೆ ಬರುವ ಜಾಗದಲ್ಲಿ ಮಾತ್ರ ಪರದೆ ತಡೆತಡೆದು ನಿಂತುಬಿಡುತ್ತಿತ್ತು. ಹಳೆಯ ಯಂತ್ರಕ್ಕೆ ಅಷ್ಟನ್ನು ಒಮ್ಮೆಗೇ ತೋರಿಸುವ ಶಕ್ತಿ ಇರಲಿಲ್ಲ.

“ಇದು ಲೋಡ್ ಎಳೆಯಲ್ಲ ಕಣೋ,” ಅಂದ ಅಣ್ಣ. “ಏರಿನಾಗೆ ಉಸಿರು ಕಟ್ತೈತೆ.”

“ಹೊಸದು ತಗಳೋವಷ್ಟು ನನ್ ಹತ್ರ ಇಲ್ಲಣ್ಣ.”

“ಹೊಸಾದು ಯಾರು ಕೇಳಿದ್ರು? ನಮ್ ಲಾರಿಗೆ ಏನ್ ಮಾಡಿದ್ವಿ? ಬಾಡಿ ಹಳೇದೇ ಇರ್ಲಿ. ಇಂಜಿನ್ ಒಂದು ಇಳಿಸಿ ಬೇರೆ ಕೂರ್ಸು.”

ಹಾಗೇ ಮಾಡಿದೆ. ಡಬ್ಬ, ಮಾನಿಟರ್, ಕೀಬೋರ್ಡ್, ಫ್ಲಾಪಿ ಎಲ್ಲ ಹಳೆಯವೇ. ಶಿವಮೊಗ್ಗದ ರಿಪೇರಿ ಅಂಗಡಿಯೊಂದರಲ್ಲಿ, ಯಾರೋ ಬಿಚ್ಚಿಹಾಕಿದ ಮದರ್‌ಬೋರ್ಡ್ ಮತ್ತು ಒಂದಿಷ್ಟು ಮೆಮೊರಿಯನ್ನು ಕೈಯಲ್ಲಿದ್ದಷ್ಟರಲ್ಲೇ ತಂದೆ. ಅಂಗಡಿಯವನು ಒಂದು ಎಚ್ಚರಿಕೆ ಕೊಟ್ಟಿದ್ದ: ಕರೆಂಟು ಕೊಡುವ ಎರಡು ಪ್ಲಗ್ಗುಗಳ ಕಪ್ಪು ವೈರುಗಳು ನಡುವಿನಲ್ಲಿ ಒಂದಕ್ಕೊಂದು ತಾಗಿ ಬರಬೇಕು, ಅದಲುಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ಬಸ್ಸಿನುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ.

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಿಚ್ಚಿದೆ. ಅಣ್ಣ ಕುರ್ಚಿಯಿಂದ ಬ್ಯಾಟರಿ ಬಿಡುತ್ತಿದ್ದ. ಬೆಳಕನ್ನು ನಾನು ಕೇಳುವ ಮೊದಲೇ ಬೇಕಾದ ಕಡೆ ತಿರುಗಿಸುತ್ತಿದ್ದ. ಎಲ್ಲ ಕೂಡಿಸಿದ ಮೇಲೆ ಮುಂದಿನ ಗುಂಡಿಯೊಂದರಿಂದ ಬಂದ ಸಣ್ಣ ವೈರು ಉಳಿಯಿತು. ಹೊಸ ಬೋರ್ಡಿನಲ್ಲಿ ಅದರ ಜಾಗ ತಿಳಿಯಲಿಲ್ಲ.

“ಇದೊಂದು ಉಳೀತಲ್ಲಣ್ಣ.”

“ಇಂಜಿನ್ ಬಿಚ್ಚಿ ಕಟ್ದಾಗ ಒಂದು ನಟ್ಟು ಉಳಿಲಿಲ್ಲ ಅಂದ್ರೆ ಅವನು ಮೆಕ್ಯಾನಿಕ್ಕೇ ಅಲ್ಲ. ಮುಚ್ಚು ಮುಚ್ಚು.”

ವೈರಿಗೆ ರಬ್ಬರ್ ಬ್ಯಾಂಡ್ ಸುತ್ತಿ ಒಳಗೆ ಸೇರಿಸಿದೆ. ಸ್ವಿಚ್ ಹಾಕಿದಾಗ ಪರದೆ ಬೆಳಗಿತು, ಆಟದ ಹೆಸರೂ ಬಂತು. ಅಣ್ಣನ ಹೆಗಲ ಹಿಂದೆ ನಿಂತು ಅಷ್ಟು ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ಮುಂದಿನ ಸಲ ಹೋದಾಗ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು. ಅಣ್ಣ ಜಗಲಿಯ ಮೇಲೆ ಲಾರಿಗೆ ಬೆನ್ನು ಹಾಕಿ ಕೂತಿದ್ದ. ಹೇಗಿದೆ ಯಂತ್ರ ಎಂದು ಕೇಳಿದೆ.

“ಯಂತ್ರಕ್ಕೇನು, ಚೊಲೋ ಐತೆ,” ಅಂದ. “ಲಾರಿ ಮಾತು ಮುಗೀತು. ಶಿರಾಳಕೊಪ್ಪದ ವ್ಯಾಪಾರಿ ಬರೋ ಭಾನುವಾರ ಡ್ರೈವರ್ ಕರ್ಕಂಡು ಬರ್ತಾನೆ. ನೀನೂ ಬಾ, ನಿಂತು ಕೊಟ್ಟು ಕಳ್ಸು. ನಾನು ಹೊರಗೆ ಬರಲ್ಲ.”

ಒಳಗೆ ಅತ್ತಿಗೆ ಅಳುತ್ತಿದ್ದಳು. ಹೊಸ ಇಂಜಿನ್ ಕೂರಿಸಿದ ಮೇಲೆ ಅವನಿಂದ ಮರಗಳ ಸಾಲನ್ನೂ ದಾಟಲಾಗಲಿಲ್ಲವಂತೆ. ಕೈ ಏಳುವಷ್ಟರಲ್ಲಿ ಗಾಡಿ ಗುದ್ದಿರುತ್ತಿತ್ತಂತೆ. ಕೈಗೆ ಮತ್ತೊಮ್ಮೆ ಲಕ್ವ ಬಡಿದಿದೆ, ಈ ಸಲ ಒಳಗೊಳಗೇ ಬಡಿದಿದೆ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದರೆ, “ನಂಗೇ ಗೊತ್ತಾಗೈತೆ, ಅವ್ರೇನ್ ಹೇಳ್ತಾರೆ” ಎಂದಿದ್ದ. ನಾನೂ ಅದನ್ನು ನಂಬಿದೆ. ನನ್ನ ಅಂಗಡಿಯ ಟೈಪ್‌ರೈಟರಿನಲ್ಲಿ ನನ್ನ ಬೆರಳು ಎಷ್ಟು ನಿಧಾನವೋ ಅಕ್ಷರವೂ ಅಷ್ಟೇ ನಿಧಾನವಾಗಿ ಬೀಳುತ್ತಿತ್ತು. ಯಂತ್ರ ಬದಲಾದರೆ ರಸ್ತೆ ಬದಲಾಗುತ್ತದೆಂದು ನನಗೆ ಹೇಗೆ ಹೊಳೆಯಬೇಕು?

“ಅದನ್ನ ಒಯ್ದುಬಿಡಪ್ಪಾ,” ಅಂದಳು ಅತ್ತಿಗೆ. “ಅದ್ರ ಮುಖ ನೋಡಿದ್ರೆ ಹೊಟ್ಟೆ ಉರಿತೈತೆ.” ಆಮೇಲೆ ಒಂದು ಮಾತು ಸೇರಿಸಿದಳು: “ಒಯ್ಯೋಕೆ ಮುಂಚೆ ನೀನೊಂದ್ಸಲ ಕೂತು ನೋಡಬಾರ್ದಾ?”

ಆಗ ನನಗೆ ತಿಳಿಯಿತು, ಇಷ್ಟು ತಿಂಗಳಲ್ಲಿ ಆ ಕುರ್ಚಿಯಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ತಂದ ದಿನ ನಿಂತೇ ತೋರಿಸಿದ್ದೆ. ಇಂಜಿನ್ ಬದಲಿಸಿದ ದಿನ ನೆಲದ ಮೇಲೆ ಕೂತಿದ್ದೆ. ಸ್ಟೇರಿಂಗ್ ಅಣ್ಣನದು. ಅತ್ತಿಗೆ ಕುರ್ಚಿಯನ್ನು ಎಳೆದು ಕೊಟ್ಟ ಮೇಲೂ ಅಂಚಿನಲ್ಲಿ ಕೂತೆ.

ಎರಡು ಗಟ್ಟಿ ಕೈಗಳಿದ್ದವು ನನಗೆ. ಆಟ ಶುರುವಾಯಿತು, ರಸ್ತೆ ಧೋ ಎಂದು ಸುರಿದುಬಂತು, ಮೊದಲ ಗಾಡಿ ಗುದ್ದಿತು. ನಾನಿನ್ನೂ ಗುಂಡಿ ಒತ್ತಿರಲೇ ಇಲ್ಲ. ಮತ್ತೆ ಶುರು ಮಾಡಿದೆ. ಮತ್ತೆ ಹಾಗೇ. ಆ ರಸ್ತೆಯಲ್ಲಿ ಯಾವ ಮನುಷ್ಯನ ಕೈಯೂ ಗಾಡಿ ಓಡಿಸಲಾರದು.

ಜಗಲಿಗೆ ಓಡಿ ಅಣ್ಣನಿಗೆ ಹೇಳಿದೆ. ಅವನು ತಿರುಗಿಯೂ ನೋಡಲಿಲ್ಲ.

“ಸಮಾಧಾನ ಮಾಡಾಕೆ ಬಂದ್ಯಾ? ಅವಳು ಕಳ್ಸಿದ್ಲಾ?”

“ನನ್ ಕೈಲೂ ಆಗ್ತಿಲ್ಲಣ್ಣ. ಬೇಕಾರೆ ಬಂದು ನೋಡು.”

“ನೀನು ಬೇಕಂತ ಗುದ್ದಿಸ್ತೀಯ.”

“ಅಣ್ಣ, ನಿನ್ ಸೀಟಿನಾಗೆ ಕೂತಿದ್ದೆ ನಾನು.”

ಅದಕ್ಕೆ ತಿರುಗಿದ. ಗೋಡೆ ಹಿಡಿದುಕೊಂಡು ಎದ್ದ.

ನಾನು ಕುರ್ಚಿಯಲ್ಲಿ, ಅವನು ನನ್ನ ಹೆಗಲ ಹಿಂದೆ. ನಮ್ಮ ಜಾಗ ಹಾಗೆ ಅದಲುಬದಲಾದದ್ದು ಅದೇ ಮೊದಲು. ಗುದ್ದಿತು. ಮತ್ತೆ ಗುದ್ದಿತು. ಹಿಂದಿನಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾನೆಂದು ಹೆದರಿದೆ. ನಗುತ್ತಿದ್ದ.

“ಥೂ ನಿನ್ನ! ನಿನ್ ಕೈಗೂ ಲಕ್ವ ಹೊಡೀತೇನೋ?”

ಮರುದಿನ ಎಸ್‌ಟಿಡಿ ಬೂತಿನಿಂದ ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿದೆ. ಹಳೆಯ ಆಟಗಳು ಯಂತ್ರದ ವೇಗದಲ್ಲೇ ಓಡುತ್ತವೆ, ಇಂಜಿನ್ ಜೋರಾದರೆ ಆಟವೂ ಜೋರು ಎಂದ ಅಂಗಡಿಯವನು. “ಮುಂದೆ ಟರ್ಬೊ ಅಂತ ಒಂದು ಗುಂಡಿ ಇರ್ಬೇಕಲ್ರೀ, ಹೆಸರಿಗಷ್ಟೇ ಜೋರು, ಅದನ್ನ ಒತ್ತಿದ್ರೆ ನಿಧಾನ ಆಗುತ್ತೆ.” ಅದರ ವೈರೇ ರಬ್ಬರ್ ಬ್ಯಾಂಡಿನಲ್ಲಿ ಮಲಗಿತ್ತು. ಬೋರ್ಡಿನ ಯಾವ ಮೂಲೆಯಲ್ಲಿ ಅದರ ಎರಡು ಪಿನ್ನುಗಳಿವೆ ಎಂದು ಅವನು ಹೇಳಿದ, ನಾನು ಅಂಗೈ ಮೇಲೆ ಬರೆದುಕೊಂಡೆ. ನನ್ನ ಅಂಗಡಿಯ ಬಾಗಿಲು ತೆಗೆಯದೆ ಸೊರಬದ ಬಸ್ಸು ಹತ್ತಿದೆ.

ವೈರನ್ನು ಪಿನ್ನಿಗೆ ಸಿಕ್ಕಿಸಿ ಗುಂಡಿ ಒತ್ತಿದಾಗ ರಸ್ತೆ ಮೊದಲಿನ ಹಾಗೆ ಇಳಿದುಬಂತು. ನಾನು ಎದ್ದು ಹೊರಗೆ ಹೊರಟೆ. “ಇರ್ಲಿ, ನಿಂತ್ಕ,” ಅಂದ ಅಣ್ಣ. ಎಡಗೈಯನ್ನು ಬಲಗೈಯಿಂದ ಎತ್ತಿ ಗುಂಡಿಗಳ ಮೇಲಿಟ್ಟ. ಅವತ್ತು ಮರಗಳನ್ನು ದಾಟಿದ, ಸೇತುವೆಯ ಹತ್ತಿರ ಗುದ್ದಿದ. ವಾರದ ನಡುವೆ ಅತ್ತಿಗೆ ನನ್ನ ಅಂಗಡಿ ಪಕ್ಕದ ಬೂತಿಗೆ ಫೋನ್ ಮಾಡಿಸಿದಳು. ಸೇತುವೆಯಾಚೆ ಪರದೆ ತಡೆಯಲಿಲ್ಲವಂತೆ, ರಸ್ತೆ ಮುಗಿಯಿತಂತೆ, ಎಡಗೈಯಲ್ಲೇ.

ಭಾನುವಾರ ಬೆಳಿಗ್ಗೆಯೇ ಹೋದೆ. ಅತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಖಾಕಿ ಅಂಗಿ ಹಾಕಿ ಕೂತಿದ್ದ.

“ವ್ಯಾಪಾರಿಗೆ ಬರಬ್ಯಾಡ ಅಂತ ಹೇಳ್ಲಾ?” ಎಂದೆ.

ಅವನು ಎಡಗಾಲಿನ ಕಡೆ ನೋಡಿದ. “ಕೈ ಬಂದೈತೆ ಕಣೋ. ಕಾಲು ಬಂದಿಲ್ಲ. ಆಟದಾಗೆ ಕ್ಲಚ್ ಇಲ್ಲ ನೋಡು. ಭತ್ತ ತುಂಬ್ಕಂಡು ಕುಪ್ಪಗಡ್ಡೆ ತಿರುವಿನಾಗೆ ಕಾಲು ಕೈಕೊಟ್ರೆ, ಎದುರಿಗೆ ಬರೋರು ಯಾರೋ ಏನೋ. ಮಾತು ಕೊಟ್ಟಾಗೈತೆ, ಕೊಡಾಣ.” ಆಮೇಲೆ ಅಂಗಿ ಸರಿಮಾಡಿಕೊಂಡು ಹೇಳಿದ: “ಗೇಟಿನ ತನಕ ನಾನೇ ತಗೀತೀನಿ.”

ವ್ಯಾಪಾರಿ ಬಂದ. ಅವನ ಡ್ರೈವರ್ ಬಾಗಿಲಿಗೆ ಕೈ ಹಾಕಿದ.

“ಇರ್ರೀ,” ಅಂದೆ ನಾನು. “ಅಣ್ಣಾರು ತಗೀತಾರೆ.”

ತಾಡಪತ್ರಿ ಎಳೆದೆ. ಅಣ್ಣನನ್ನು ಕೆಳಗಿನಿಂದ ನೂಕಿ ಹತ್ತಿಸಿದೆ. ಸೀಟಿನಲ್ಲಿ ಕೂತವನು ಎಡಗಾಲನ್ನು ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟ. ಇಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಎಡಗೈ ಗೇರಿನ ಗುಂಡಿಯನ್ನು ಹುಡುಕಿ ಹಿಡಿಯಿತು, ರಿವರ್ಸಿಗೆ ಎಳೆಯಿತು. ಕರಕರ ಸದ್ದಾಯಿತು, ಗೇರು ಬಿತ್ತು.

ನಾನು ಓಡಿಹೋಗಿ ಹಿಂದೆ ನಿಂತೆ. ಗೇಟಿನ ಕಂಬಗಳ ನಡುವೆ ಲಾರಿಯ ಆಚೀಚೆ ಉಳಿಯುವುದು ಒಂದೊಂದು ಗೇಣು ಜಾಗ. ಅದು ಇಂಚಿಂಚೇ ಹಿಂದೆ ಬಂತು. ಟರ್ಬೊ ಗುಂಡಿ ಒತ್ತಿದ ಆಟದ ರಸ್ತೆಗಿಂತಲೂ ನಿಧಾನ.

“ಬರ್ಲಿ... ಬರ್ಲಿ... ಬಲಕ್ಕೆ ಬರ್ಲಿ...”

ಎರಡು ಕಡೆಯೂ ತಾಗಲಿಲ್ಲ. ರಸ್ತೆಗೆ ಬಂದು ನಿಂತಿತು. ಅಣ್ಣ ಇಂಜಿನ್ ಬಂದ್ ಮಾಡಿ, ಕೂತಲ್ಲಿಂದಲೇ ಕೀ ಎಳೆದು, ಕಿಟಕಿಯಿಂದ ಬಲಗೈ ಚಾಚಿ ಡ್ರೈವರಿಗೆ ಕೊಟ್ಟ.

“ಮೂರನೇ ಗೇರು ಸ್ವಲ್ಪ ಮೊಂಡು. ಬಯ್ಬ್ಯಾಡ್ರಿ ಅದ್ಕೆ, ತಡೆದು ಹಾಕ್ರಿ.”

ಅಣ್ಣನನ್ನು ಹೆಗಲು ಕೊಟ್ಟು ಇಳಿಸಿದೆ. ಲಾರಿ ಹೋದ ಮೇಲೆ ಅಂಗಳದಲ್ಲಿ ಎಣ್ಣೆಯ ಕಲೆ ಉಳಿಯಿತು. ಅಣ್ಣ ಅದನ್ನು ಬಳಸಿಕೊಂಡು, ನನ್ನ ಹೆಗಲು ಹಿಡಿದು ಒಳಗೆ ಬಂದ. ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ತೋರಿಸಿದ.

“ಕೂತ್ಕ. ನಿಂಗೂ ಕಲಿಸ್ತೀನಿ.”

ಕೂತೆ. ಈ ಸಲ ಅಂಚಿನಲ್ಲಿ ಕೂರಲಿಲ್ಲ.