ಅಗ್ನಿಸರ್ಪದ ಮೇಲಿನ ಚೀಟಿ

ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಆತನೇ ನಮ್ಮ ಭಾನುವಾರದ ಯುದ್ಧಕಾರ್ಡಿನ ಆಟಕ್ಕೆ ತೀರ್ಪು ಕೊಡುವ ಪಂಚ. "ಇನ್ಸಾಫ್ ಆಗಬೇಕ್ರಿ" ಎನ್ನುತ್ತ ಕನ್ನಡಕವನ್ನು ಹಣೆಗೇರಿಸುತ್ತಿದ್ದ. ನನ್ನ ಅಗ್ನಿಸರ್ಪದ ಕಾರ್ಡು ಒಂದೇ ಏಟಿಗೆ ಎದುರಾಳಿಯ ಮೂರು ಕಾರ್ಡು ಕೊಲ್ಲುತ್ತಿತ್ತು. ಕಾರ್ಡು ಮಾಡುವ ಕಂಪನಿಯವರು ಅದರ ಬಲ ತಗ್ಗಿಸಿ, ಒಂದನ್ನೇ ಕೊಲ್ಲುವಂತೆ ಮತ್ತೆ ಅಚ್ಚು ಹಾಕಿದರು. ಆತ ಆ ಹೊಸ ನಿಯಮವನ್ನು ಝೆರಾಕ್ಸ್ ಮಾಡಿ, ಚೀಟಿ ಕತ್ತರಿಸಿ, ನನ್ನ ಹಳೆಯ ಕಾರ್ಡಿನ ಬರಹದ ಮೇಲೆ ಅಂಟಿಸಿಯೇ ಬಿಟ್ಟ. ಅದೇ ಇನ್ಸಾಫ್, ಅದೇ ನ್ಯಾಯವೆಂದು ಒಪ್ಪಿಕೊಂಡು ವರ್ಷವಿಡೀ ಸೋತೆ.

ಮೊನ್ನೆ ಬಸವಕಲ್ಯಾಣದ ಚಹಾದಂಗಡಿಯಲ್ಲಿ ಆತ ಬೇರೆಯವರೊಡನೆ ಆಡುತ್ತಿದ್ದ. ಕೈಯಲ್ಲಿ ತನ್ನದೊಂದು ಹಳೆಯ ಅಗ್ನಿಸರ್ಪ, ಮೇಲೆ ಚೀಟಿಯಿಲ್ಲ. ಒಂದೇ ಏಟಿಗೆ ಮೂರು ಕಾರ್ಡು ಸತ್ತವು.

"ಇದ್ಯಾವ ಇನ್ಸಾಫ್ರಿ?" ಎಂದೆ.

"ಇಲ್ಲಿ ಹಳೇದೇ ನಡೀತದ್ರಿ" ಎಂದು ಕನ್ನಡಕವನ್ನು ಹಣೆಗೇರಿಸಿದ.

ಮನೆಗೆ ಬಂದು ನನ್ನ ಕಾರ್ಡಿನ ಚೀಟಿ ಕಿತ್ತೆ. ಅದರ ಜೊತೆಗೆ ಕೆಳಗಿದ್ದ ಹಳೆಯ ಅಕ್ಷರಗಳೂ ಕಿತ್ತುಬಂದವು.