ಕೆಂಪಣ್ಣನ ಲೋಟದಲ್ಲಿ ನೀರಿರಲಿಲ್ಲ

ಕೆಂಪಣ್ಣ, ನಿನ್ನ ಪೆಟ್ರೋಲಿನಲ್ಲಿ ನೀರಿರಲಿಲ್ಲ. ಆ ವಿಜಯದಶಮಿಯ ಬೆಳಿಗ್ಗೆ ಯಜಮಾನರ ವಿಮಾನ ಆಕಾಶದಲ್ಲೇ ಉಸಿರುಗಟ್ಟಿ ರಾಗಿ ಹೊಲಕ್ಕೆ ಇಳಿದದ್ದು ನನ್ನ ಕೈಯಿಂದ. ನೀರು ಕಂಡೆ ಎಂದು ನಾನು ಎಲ್ಲರೆದುರು ಹೇಳಿದ್ದು ಸುಳ್ಳು. ಕಂಡಿರಲಿಲ್ಲ— ಕಾಣುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಇದನ್ನು ನಿನ್ನ ಮನೆಯ ಜಗಲಿಯ ಮೇಲೆ, ನಿನ್ನ ಮಕ್ಕಳು, ಸೊಸೆಯಂದಿರು, ಬೀದಿಯವರು ಕೂತಿರುವಾಗ ನಾನೇ ಗಟ್ಟಿಯಾಗಿ ಓದಬೇಕೆಂದು ಬರೆಯುತ್ತಿದ್ದೇನೆ. ಸುಳ್ಳನ್ನು ಜನರ ಮುಂದೆ ಹೇಳಿ ನಿಜವನ್ನು ನಿನ್ನ ಕಿವಿಯಲ್ಲಿ ಮಾತ್ರ ಹೇಳಿ ಹೋದರೆ ಅದೂ ಒಂದು ಕಳ್ಳತನವೇ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ಅವರಿಗೂ ಗೊತ್ತಾಗಲಿ.

ಅರವತ್ತರ ದಶಕದ ನಡುವಿನ ಮಾತು. ಕುಂದಾಣದ ಆಚೆ ಯಜಮಾನರ ದ್ರಾಕ್ಷಿ ತೋಟ. ತೋಟದ ಪಕ್ಕದಲ್ಲಿ ಕಲ್ಲು ಆರಿಸಿ, ರೋಲರು ಎಳೆದು ಮಟ್ಟ ಮಾಡಿದ ಹುಲ್ಲು ಬಯಲು. ಬಯಲಿನ ತುದಿಗೆ ತಗಡಿನ ಕೊಟ್ಟಿಗೆ, ಅದರೊಳಗೆ ವಿಮಾನ. ಇಬ್ಬರು ಕೂರುವಂಥದ್ದು, ಮೂತಿಯಲ್ಲಿ ನಾಲ್ಕು ಸಿಲಿಂಡರಿನ ಇಂಜಿನ್. ಯಜಮಾನರು ಅದನ್ನು ಹಳೆಯದಾಗಿಯೇ ಕೊಂಡು ತಂದಿದ್ದರು. ನಾನು ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದವನು. ಇಂಜಿನ್ ನನ್ನದು. ಪೆಟ್ರೋಲ್ ನಿನ್ನದು.

ಆ ಇಂಜಿನ್ನಿನ ಬಗ್ಗೆ ನನಗಿದ್ದ ಹೆಮ್ಮೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೋ ಅದೇ ಕ್ರಮದಲ್ಲಿ ಬಿಳಿ ಪಂಚೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಪ್ಲಗ್ಗಿನ ಮೂಗು ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂದಿದ್ದರೆ ಆ ಸಿಲಿಂಡರು ಸುಖವಾಗಿದೆ ಎಂದು ಅರ್ಥ. ಎಣ್ಣೆ ಬದಲಿಸಿದಾಗ ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಲೋಹದ ಪುಡಿ ಏನಾದರೂ ಮಿನುಗುತ್ತದೆಯೇ ಎಂದು ಬಿಸಿಲಿನಲ್ಲಿ ಹುಡುಕುತ್ತಿದ್ದೆ. ಮೂತಿಯ ಮುಂದಿನ ಫ್ಯಾನನ್ನು ಕೈಯಿಂದ ತಿರುಗಿಸಿದರೆ ನಾಲ್ಕು ಸಿಲಿಂಡರೂ ಒಂದೇ ಸಮನಾಗಿ ಎದುರು ನಿಲ್ಲಬೇಕು— ನಿಲ್ಲುತ್ತಿದ್ದವು. ಅದು ನನ್ನ ಕೆಲಸ. ಒಳ್ಳೆಯ ಕೆಲಸ. ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ನಿನ್ನ ಕೆಲಸವೂ ಅಷ್ಟೇ. ಪೆಟ್ರೋಲು ಪೀಪಾಯಿಗಳಲ್ಲಿ ಬರುತ್ತಿತ್ತು, ತಿಳಿಗೆಂಪು ಬಣ್ಣದ್ದು. ಪೀಪಾಯಿಯೊಳಗೆ ರಾತ್ರಿಯ ತಂಪಿಗೆ ನೀರಿನ ಪಸೆ ಕೂರುತ್ತದೆ. ಅದು ಇಂಜಿನ್ನಿಗೆ ಹೋದರೆ ಮುಗಿಯಿತು. ನೀನು ಲಾಳಿಕೆಯ ಬಾಯಿಗೆ ಮೆತ್ತನೆಯ ಚರ್ಮ ಕಟ್ಟಿ, ಕ್ಯಾನನ್ನು ತೊಡೆಗೆ ಆನಿಸಿಕೊಂಡು, ದಾರ ಇಳಿಬಿಟ್ಟ ಹಾಗೆ ಸುರಿಯುತ್ತಿದ್ದೆ. ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ಹಿಡಿಯುತ್ತದೆ. ಸುರಿಯುವಾಗ ನೀನು ಮಾತಾಡುತ್ತಿರಲಿಲ್ಲ. ಆಮೇಲೆ, ಪ್ರತಿ ಬೆಳಿಗ್ಗೆ, ವಿಮಾನದ ಹೊಟ್ಟೆಯ ಕೆಳಗಿನ ಸಣ್ಣ ನಲ್ಲಿಯಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು, ಸೂರ್ಯನಿಗೆ ಎತ್ತಿ, ನನ್ನ ಕಡೆ ತಿರುಗಿ ಕೇಳುತ್ತಿದ್ದೆ:

"ಏನ್ ಮೇಸ್ತ್ರಿ, ಗಂಗಮ್ಮ ಇದ್ದಾಳಾ?"

"ಇಲ್ಲ ಕಣಣ್ಣ."

"ಹಂಗಾದ್ರೆ ನಿನ್ನ ಇಂಜಿನ್ ಬದುಕ್ತು ಬಿಡು. ನನ್ನ ಹಾಲು ಕುಡ್ಕೊಂಡೇ ಬೆಳ್ದಿರೋ ಮಗು ಅದು."

ಯಜಮಾನರು ಬಂದ ನೆಂಟರಿಗೆಲ್ಲ ಒಂದು ತಮಾಷೆ ಹೇಳುವರು: "ಇಂಜಿನ್ ನಿಂತ್ರೆ ಎರಡೇ ಕಾರಣ. ಒಂದು ಸೀನಪ್ಪನ ಸ್ಪ್ಯಾನರ್ರು, ಇನ್ನೊಂದು ಕೆಂಪಣ್ಣನ ಪೆಟ್ರೋಲು." ನಾವಿಬ್ಬರೂ ನಗುತ್ತಿದ್ದೆವು. ನಗುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು— ಆ ಕಾರಣ ನಾನಂತೂ ಆಗುವುದಿಲ್ಲ ಎಂಬ ಹಾಗೆ.

ಈಗ ಕುಂಕುಮದ ಮಾತು.

ಆಯುಧಪೂಜೆಗೆ ವಿಮಾನವನ್ನು ತೊಳೆದು, ರೆಕ್ಕೆಗೆ ಮಾವಿನ ಸೊಪ್ಪು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದೆವು. ಆ ದಿನ ಇಂಜಿನ್ ಮುಟ್ಟುವಂತಿಲ್ಲ. ಮಾರನೆಯ ದಿನ, ವಿಜಯದಶಮಿಗೆ, ಯಜಮಾನರು ಒಂದು ಸುತ್ತು ಹಾರಿ ಬರುವುದು ಪದ್ಧತಿ. ವಿಮಾನ ಹೊಲಕ್ಕೆ ಇಳಿದದ್ದರ ಹಿಂದಿನ ವರ್ಷ ಫ್ಯಾನು ತಿರುಗಿದ್ದೇ ತಡ, ಅದರ ಗಾಳಿಗೆ ಮೂತಿಯ ಮೇಲಿದ್ದ ಕುಂಕುಮವೆಲ್ಲ ಹಾರಿಹೋಗಿತ್ತು. ನೀನು ತೋಟದ ಆಳುಗಳ ಮುಂದೆ ಕೈ ತಟ್ಟಿ, "ಏನೋ ಸೀನ, ನಿನ್ನ ದೇವಿ ಹಣೆ ಬೋಳಾಗೋಯ್ತಲ್ಲೋ!" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಉಳಿಯಿತು. ಇದನ್ನು ನಿನ್ನ ಮೇಲೆ ಹಾಕಲು ಹೇಳುತ್ತಿಲ್ಲ. ತಮಾಷೆ ತಮಾಷೆಯೇ. ಅದನ್ನು ಸಾಕಿಕೊಂಡವನು ನಾನು.

ಮರುವರ್ಷ ಕುಂಕುಮ ಹಾರಬಾರದು ಎಂದು ಅದನ್ನು ಗ್ರೀಸಿನಲ್ಲಿ ಕಲಸಿದೆ.

ಹೆಬ್ಬೆಟ್ಟು ತುಂಬ ತೆಗೆದುಕೊಂಡು ಎಲ್ಲಿ ಇಟ್ಟೆ? ಗಾಜಿನ ಮುಂದೆ, ಮೂತಿಯ ಮೇಲಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ. ಅದು ಮೂತಿಗೆ ಸರಿಯಾಗಿ ನಡುವೆ ಇತ್ತು, ಹಣೆಯ ಹಾಗೆ. ಗುಂಡಗೆ, ದಪ್ಪಗೆ ಇಟ್ಟೆ. ದೂರ ಸರಿದು ನೋಡಿದೆ, ಮದುವಣಗಿತ್ತಿಯ ಹಾಗೆ ಕಂಡಿತು. ಎಷ್ಟು ಸಂತೋಷವಾಯಿತೆಂದರೆ—

ಆ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತಿದೆ. ಟ್ಯಾಂಕಿನಿಂದ ಪೆಟ್ರೋಲು ಕೆಳಗಿಳಿದಂತೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ, ಬೆರಳಿನಿಂದ ಮೇಲಿನ ಬಾಯಿ ಮುಚ್ಚಿದ ಕೊಳವೆಯಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ ಪೆಟ್ರೋಲು ನಿಂತುಬಿಡುತ್ತದೆ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹೊಸದಾಗಿ ಬಂದವರಿಗೆ ನಾನೇ ತೋರಿಸಿಕೊಡುತ್ತಿದ್ದೆ. ಆ ಗಳಿಗೆಯಲ್ಲಿ ಮಾತ್ರ ಅದು ನನಗೆ ಮುಚ್ಚಳವಾಗಿರಲಿಲ್ಲ, ಹಣೆಯಾಗಿತ್ತು.

ಮಾರನೆಯ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆಯುವ ಅಗತ್ಯವೇ ಇರಲಿಲ್ಲ. ಪೂಜೆಗೆ ಮೊದಲೇ ನೀನು ಟ್ಯಾಂಕು ತುಂಬಿಸಿದ್ದೆ. ರಾತ್ರಿ ಮಳೆ ಬಂದು ನಿಂತಿತ್ತು. ನೀನು ಎಂದಿನಂತೆ ಕೆಳಗಿನ ನಲ್ಲಿಯಿಂದ ಲೋಟಕ್ಕೆ ಹಿಡಿದು ಎತ್ತಿದೆ. ಗಂಗಮ್ಮ ಇದ್ದಾಳಾ ಎಂದೆ. ನಾನು ನೋಡಿದೆ. ಬಿಸಿಲು ಆ ತಿಳಿಗೆಂಪಿನ ಮೂಲಕ ಹಾಯ್ದು ನಿನ್ನ ಅಂಗೈ ಮೇಲೆ ಬಿದ್ದಿತ್ತು. ತಳದಲ್ಲಿ ಒಂದು ಮಣಿಯೂ ಇರಲಿಲ್ಲ. ಇಲ್ಲ ಕಣಣ್ಣ ಎಂದೆ. ಇದು ಚೆನ್ನಾಗಿ ನೆನಪಿದೆ, ಬೇರೆಲ್ಲ ಮರೆತರೂ ಇದು ಮರೆಯುವುದಿಲ್ಲ.

ಫ್ಯಾನು ತಿರುಗಿಸಿದೆ. ಇಂಜಿನ್ ಒಂದೇ ಎಳೆತಕ್ಕೆ ಹಿಡಿಯಿತು. ಯಜಮಾನರು ಮೇಲೆದ್ದರು, ತೋಟದ ಮೇಲೆ ತಿರುಗಿದರು. ಫ್ಯಾನು ಅಷ್ಟು ತಿರುಗಿದರೂ ನೆಲ ಬಿಡುವವರೆಗೆ ಕುಂಕುಮ ಹಾರಿರಲಿಲ್ಲ. ನಾನು ನಿನಗೆ ಬೆರಳು ತೋರಿಸಿ, "ನೋಡು, ಈಗ ಹೇಳು" ಎಂದೆ. ನೀನು ಬಾಯಿ ತೆರೆಯುವ ಮೊದಲೇ ಆಕಾಶದಲ್ಲಿ ಇಂಜಿನ್ ಕೆಮ್ಮಿತು. ಮತ್ತೆ ಹಿಡಿಯಿತು. ಮತ್ತೆ ಕೆಮ್ಮಿತು. ಆಮೇಲೆ ಗಾಳಿಯ ಸದ್ದು ಮಾತ್ರ.

ಯಜಮಾನರು ಹೆದರಲಿಲ್ಲ. ಮೂತಿ ತಗ್ಗಿಸಿ, ತೆಂಗಿನ ಸಾಲು ತಪ್ಪಿಸಿ, ತೆನೆ ಕಟ್ಟಿದ ರಾಗಿಯ ಮೇಲೆ ಇಳಿಸಿದರು. ಬದುವಿಗೆ ತಗುಲಿ ಒಂದು ಚಕ್ರ ಮುರಿಯಿತು, ರೆಕ್ಕೆಯ ತುದಿ ಹರಿಯಿತು. ಅವರ ಹಣೆ ಒಡೆದು ರಕ್ತ ಬಂತು. ಅಷ್ಟಕ್ಕೇ ಉಳಿದದ್ದು ಅವರ ಕೈಚಳಕದಿಂದ. ನನ್ನಿಂದಲ್ಲ.

ನನ್ನ ಸೈಕಲ್ಲು ಮೊದಲು ಮುಟ್ಟಿತು. ಯಜಮಾನರು ಬದುವಿನ ಮೇಲೆ ಕೂತು ಟವೆಲ್ಲನ್ನು ಹಣೆಗೆ ಒತ್ತಿಕೊಂಡಿದ್ದರು. ನಾನು ಅವರ ಹತ್ತಿರ ಹೋಗಬೇಕಿತ್ತು. ಇಂಜಿನ್ನಿನ ಹತ್ತಿರ ಹೋದೆ. ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದೆ. ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡಿತು— ಮುಳುಗಿ ಎದ್ದವನು ಉಸಿರು ಎಳೆದ ಹಾಗೆ. ಆ ಸದ್ದಿನಲ್ಲಿ ಎಲ್ಲ ತಿಳಿಯಿತು. ಇಂಜಿನ್ನಿನ ತಪ್ಪಲ್ಲ, ಪೆಟ್ರೋಲಿನ ತಪ್ಪಲ್ಲ.

ಉಗುರಿನಿಂದ ತೂತು ಕೆರೆದೆ. ಉಳಿದದ್ದನ್ನು ಪ್ಯಾಂಟಿಗೆ ಒರೆಸಿದೆ. ಇಂಜಿನ್ನಿನ ಹಿಂದೆ, ಪೆಟ್ರೋಲು ಸೋಸಿ ಬರುವ ಒಂದು ಗಾಜಿನ ಬಟ್ಟಲಿದೆ. ಅದನ್ನು ಬಿಚ್ಚಿ ಇದ್ದದ್ದನ್ನು ರಾಗಿ ಬುಡಕ್ಕೆ ಚೆಲ್ಲಿದೆ. ಚೆಲ್ಲುವಾಗಲೇ ನನಗೆ ಗೊತ್ತಿತ್ತು ಯಾಕೆ ಚೆಲ್ಲುತ್ತಿದ್ದೇನೆ ಎಂದು. ಗಾಬರಿಯಲ್ಲಿ ಆಯಿತು ಎಂದು ಹೇಳುವುದಿಲ್ಲ.

ನೀನು ಓಡುತ್ತಾ ಬಂದೆ. ಮೊದಲು ನೋಡಿದ್ದು ನನ್ನ ಕೈ.

"ಅಯ್ಯೋ, ರಕ್ತ ಏನೋ ಅದು? ಎಲ್ಲೋ ತರಚ್ಕೊಂಡೆ?"

ನನ್ನ ಉಗುರಿನ ಸಂದಿಯೆಲ್ಲ ಕೆಂಪಾಗಿತ್ತು. ನೀನು ನನ್ನ ಕೈ ಹಿಡಿದು ತಿರುಗಿಸಿ ನೋಡಿದೆ. ನಾನು ಎಳೆದುಕೊಂಡೆ. ಅಷ್ಟರಲ್ಲಿ ಯಜಮಾನರು ಕೂತಲ್ಲಿಂದಲೇ ಕೇಳಿದರು: "ಏನಾಗಿತ್ತಯ್ಯಾ ಸೀನಪ್ಪ?"

"ನೀರು ಬಂದಿತ್ತು ಸಾರ್. ಬಟ್ಟಲಲ್ಲಿ ಕಂಡೆ."

ನೀನು ನನ್ನ ಮುಖ ನೋಡಿದೆ. ಹೊಲದ ಸುತ್ತ ಜನ ಸೇರಿದ್ದರು.

"ನೀನೇ ಕಣ್ಣಾರೆ ಕಂಡೆಯೇನೋ?"

"ಕಂಡೆ."

ನೀನು ಬೈಯುತ್ತೀಯ ಎಂದುಕೊಂಡಿದ್ದೆ. ಜಗಳಕ್ಕೆ ನಿಲ್ಲುತ್ತೀಯ, ಬೆಳಿಗ್ಗೆ ಲೋಟ ತೋರಿಸಲಿಲ್ಲವಾ ಎಂದು ಕೇಳುತ್ತೀಯ ಎಂದು. ಕೇಳಿದ್ದರೆ ನಾನು— ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೀನು ಯಜಮಾನರ ಕಡೆ ತಿರುಗಿ ಕೈ ಮುಗಿದೆ.

"ಅವನು ಕಂಡಿದ್ರೆ ಇತ್ತು ಬುದ್ಧಿ. ಇವನ ಕಣ್ಣು ತಪ್ಪಲ್ಲ. ನನ್ನದೇ ಮಂಜಾಗಿರ್ಬೇಕು."

ಬೆಂಗಳೂರಿನಿಂದ ಪರೀಕ್ಷೆಗೆ ಬಂದ ಇಂಜಿನಿಯರು ಎಲ್ಲ ಬಿಚ್ಚಿ ನೋಡಿ, ಇಂಜಿನ್ ಬಹಳ ಚೊಕ್ಕವಾಗಿದೆ, ಇಟ್ಟುಕೊಂಡವನು ಕೆಲಸ ಬಲ್ಲವನು ಎಂದರು. ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಕೆಂಪಣ್ಣ, ಇದನ್ನೂ ಬರೆಯಲೇಬೇಕು— ನೀನು ಅಲ್ಲೇ ಗೋಡೆಗೆ ಒರಗಿ ನಿಂತಿರುವಾಗಲೇ ಉಬ್ಬಿತು.

ಯಜಮಾನರು ನಿನ್ನನ್ನು ತೆಗೆಯಲಿಲ್ಲ. ನೀನೇ ನಿನ್ನನ್ನು ತೆಗೆದುಕೊಂಡೆ. ಸೋಸಿದ್ದನ್ನೇ ಮತ್ತೆ ಸೋಸತೊಡಗಿದೆ. ಲೋಟ ಹಿಡಿದು ನಿಂತರೆ ಇಳಿಸುತ್ತಿರಲಿಲ್ಲ. ಗಂಗಮ್ಮ ಇದ್ದಾಳಾ ಎಂದು ತಮಾಷೆಗೆ ಕೇಳುತ್ತಿದ್ದವನು ನಿಜವಾಗಿ ಕೇಳತೊಡಗಿದೆ. ದೊಡ್ಡಬಳ್ಳಾಪುರಕ್ಕೆ ಹೋಗಿ ಕಣ್ಣು ತೋರಿಸಿದೆ. ಕಣ್ಣಿಗೆ ಏನೂ ಆಗಿಲ್ಲ ಎಂದು ಅವರು ಹೇಳಿದರೂ ನಂಬದೆ ಕನ್ನಡಕ ಹಾಕಿಸಿಕೊಂಡು ಬಂದೆ. ಒಂದು ದಿನ ಆ ಚರ್ಮವನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ನೀನೇ ಮಾಡ್ಕೊಳಪ್ಪ. ನನ್ ಕೈಲಿ ಇನ್ನೊಬ್ಬರ ಜೀವ ಬೇಡ" ಎಂದು ದ್ರಾಕ್ಷಿಗೆ ಮೈಲುತುತ್ತ ಹೊಡೆಯುವ ಕೆಲಸಕ್ಕೆ ಹೋದೆ. ಊರಿನಲ್ಲಿ ನಿನಗೆ ನೀರ್ ಕೆಂಪಣ್ಣ ಎಂಬ ಹೆಸರು ಬಿತ್ತು. ನಿನ್ನ ಮಗನ ಮದುವೆಯ ಊಟದ ಸಾಲಿನಲ್ಲೂ ಯಾರೋ ಆ ಹೆಸರು ಕೂಗಿ ನೀರು ಕೇಳಿದರು. ನೀನೂ ನಕ್ಕೆ. ಪಕ್ಕದ ಎಲೆಯಲ್ಲಿ ನಾನು ಉಣ್ಣುತ್ತಿದ್ದೆ.

ಆಮೇಲೆ ನಾನೇ ಸೋಸಿದೆ, ನಿನ್ನ ಚರ್ಮದಲ್ಲೇ, ನಿನ್ನ ಹಾಗೆಯೇ ಕ್ಯಾನನ್ನು ತೊಡೆಗೆ ಆನಿಸಿಕೊಂಡು. ಆ ಸಣ್ಣ ಧಾರೆ ನನಗೆ ಬರಲು ಬಹಳ ಕಾಲ ಹಿಡಿಯಿತು. ಆಯುಧಪೂಜೆಗೆ ಚಕ್ರ ಬಿಟ್ಟು ಬೇರೆಲ್ಲೂ ಕುಂಕುಮ ಇಡಲು ಬಿಡಲಿಲ್ಲ. ದೇವರಲ್ಲಿ ಭಕ್ತಿ ಇಲ್ಲದವನು ಎಂದರು. ಅನ್ನಲಿ ಎಂದುಕೊಂಡೆ. ಮುಂದೆ ಯಜಮಾನರು ವಿಮಾನ ಮಾರಿದರು. ಕೊನೆಯ ದಿನದವರೆಗೆ ಇಂಜಿನ್ ಮತ್ತೆ ಆಕಾಶದಲ್ಲಿ ನಿಲ್ಲಲಿಲ್ಲ. ನಾನು ದೊಡ್ಡಬಳ್ಳಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟೆ.

ಹೋದ ತಿಂಗಳು ಅಲ್ಲಿನ ಔಷಧಿ ಅಂಗಡಿಯ ಮುಂದೆ ನೀನು ಸಿಕ್ಕಿದೆ. ಮೊಮ್ಮಗುವಿಗೆ ಕೆಮ್ಮಿನ ಔಷಧಿ ಕೊಂಡಿದ್ದೆ. ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದೆ— ಆ ತೋಳು, ಆ ನಿಲುವು, ಎಲ್ಲ ಹಾಗೆಯೇ. ನನ್ನನ್ನು ಕಂಡು ಮುಖ ಅರಳಿತು. ಸೀಸೆಯನ್ನು ನನ್ನ ಕೈಗೆ ಇಟ್ಟೆ.

"ಸರಿಯಾಗ್ ಬಂದೆ ಕಣೋ ಸೀನ. ಒಂಚೂರು ನೋಡೋ, ತಳದಲ್ಲಿ ಏನಾದ್ರೂ ಐತಾ? ನನ್ ಕಣ್ಣ ನಂಬಂಗಿಲ್ಲ." ಅಂಗಡಿಯವನ ಕಡೆ ತಿರುಗಿ, "ಇವನು ವಿಮಾನದ ಇಂಜಿನ್ ನೋಡ್ಕೊಂಡವನು ಕಣಪ್ಪಾ, ಸಾಮಾನ್ಯ ಅಲ್ಲ" ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆ! ನಾನು ಸೀಸೆಯನ್ನು ಬಿಸಿಲಿಗೆ ಎತ್ತಿ ನೋಡಿದೆ. ಏನೂ ಇಲ್ಲ ಕಣಣ್ಣ ಎಂದು ವಾಪಸು ಕೊಟ್ಟೆ. ನೀನು ಸಮಾಧಾನದಿಂದ ಹೋದೆ.

ಕ್ಷಮೆ ಕೇಳುವುದಕ್ಕೆ ಇದನ್ನು ಬರೆಯಲಿಲ್ಲ. ಕೊಡುವುದೂ ಬಿಡುವುದೂ ನಿನ್ನದು. ಓದಿ ಮುಗಿಸಿದ ಮೇಲೆ ನಾನು ಜಗಲಿಯ ಕೆಳಗೆ ನಿಂತಿರುತ್ತೇನೆ. ನಿನ್ನ ಮಕ್ಕಳು ಏನು ಅಂದರೂ ಕೇಳಿಕೊಳ್ಳುತ್ತೇನೆ. ಆ ಹೆಸರು ಕೂಗಿದವರ ಮನೆಗಳಿಗೂ ಹೋಗಿ ಇದನ್ನೇ ಹೇಳುತ್ತೇನೆ.

ನನ್ನ ಇಂಜಿನ್ ಚೊಕ್ಕವಾಗಿತ್ತು. ಅದನ್ನು ಇಷ್ಟು ವರ್ಷ ಎದೆಯ ಮೇಲೆ ಹೊತ್ತು ತಿರುಗಿದೆ. ನಿನ್ನ ಪೆಟ್ರೋಲೂ ಅಷ್ಟೇ ಚೊಕ್ಕವಾಗಿತ್ತು, ನಿನ್ನ ಕಣ್ಣೂ ಚೊಕ್ಕವಾಗಿತ್ತು— ಆ ಹೆಮ್ಮೆಯನ್ನು ಹೊರುವ ಹಕ್ಕು ನಿನಗಿತ್ತು, ನಾನು ಕಸಿದುಕೊಂಡೆ. ಆ ಕನ್ನಡಕ ತೆಗೆದಿಡು. ಆ ಬೆಳಿಗ್ಗೆ ನೀನು ಲೋಟ ಎತ್ತಿ ನನ್ನನ್ನು ಕೇಳಿದೆ. ನಾನು ನೋಡಿ ಹೇಳಿದ ಉತ್ತರವೇ ನಿಜ. ಈಗ ಎಲ್ಲರೆದುರು ಮತ್ತೆ ಹೇಳುತ್ತೇನೆ.

ಇರಲಿಲ್ಲ ಕಣಣ್ಣ. ಗಂಗಮ್ಮ ಇರಲಿಲ್ಲ.