ನಜ್ಮಿಯಾಳ ಟ್ರಂಕಿನಲ್ಲಿದ್ದ ಉಡುಪು

ನನ್ನ ಚಿಕ್ಕಮ್ಮ ಫಿಕ್ರಿಯಾಗೆ ಜಗಳವೆಂದರೆ ಹಬ್ಬ. ಇರ್ಬಿದ್ ಪಟ್ಟಣದ ಅವಳ ಕಸೂತಿ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಕೂತಿದ್ದೇನೆ, ಅವಳು ಸೋತದ್ದನ್ನು ನೋಡಿಲ್ಲ.

ತನ್ನೆರಡು ಬಳೆ ಮಾರಿ ಕಸೂತಿ ಯಂತ್ರವನ್ನೂ ಅದರ ಸಾಫ್ಟ್‌ವೇರನ್ನೂ ಕೊಂಡಿದ್ದಳು. ಅಜ್ಜಿಯ ಮದುವೆ ಉಡುಪಿನ ನಮೂನೆಯನ್ನು ಒಂದೊಂದೇ ಹೊಲಿಗೆ ಎಣಿಸಿ, ಮೂರು ತಿಂಗಳು ಕೂತು ಅದರೊಳಗೆ ತುಂಬಿದಳು. ಅಜ್ಜಿಯ ಉಡುಪು ಆಮೇಲೆ ನುಸಿ ಪಾಲಾಯಿತು.

ಸಮಾಹ್ ಎಂಬ ಹುಡುಗಿಯ ಮದರಂಗಿ ಶಾಸ್ತ್ರಕ್ಕೆ ನಾಲ್ಕೇ ದಿನವಿತ್ತು. ಅವಳು ಕೇಳಿದ್ದು ಅದೇ ನಮೂನೆ. ಎದೆಭಾಗ ಮುಗಿದಿತ್ತು, ತೋಳು ಬಾಕಿ. ಯಂತ್ರ ನಿಂತಿತು. ಪರವಾನಗಿ ಮುಗಿದಿದೆ ಎಂದಿತು ಪರದೆ. ಚಿಕ್ಕಮ್ಮ ಕಂಪನಿಯ ಏಜೆಂಟ್ ವಾಇಲ್‌ಗೆ ಫೋನು ಮಾಡಿದಳು.

"ಸಾಫ್ಟ್‌ವೇರ್ ನಿಮಗೆ ಮಾರಿಲ್ಲ ಖಾಲಾ, ಬಳಸೋಕೆ ಬಿಟ್ಟಿದ್ವಿ ಅಷ್ಟೆ. ಇನ್ಮೇಲೆ ವರ್ಷ ವರ್ಷ ಕಟ್ಬೇಕು."

"ನನ್ನ ನಮೂನೆ?"

"ಅದು ನಿಮ್ದೇ. ಕಟ್ಟದೆ ತೆಗೆಯೋಕಾಗಲ್ಲ."

"ಕರು ನಂದು, ಕೊಟ್ಟಿಗೆ ಬೀಗ ನಿಂದು! ಕಟ್ಟಲ್ಲ ಹೋಗೋ."

ಹೇಳಿದ್ದೇನೋ ಹೇಳಿದಳು, ಆದರೆ ತೋಳಿಗೆ ನಮೂನೆ ಎಲ್ಲಿಂದ ತರುವುದು? ಆ ನಮೂನೆಯಲ್ಲಿ ಅವಳು ಹಿಂದೆ ಮಾರಿದ್ದು ಒಂದೇ ಉಡುಪು, ಕೈಕಸೂತಿ ಬಲ್ಲ ನಜ್ಮಿಯಾಗೆ. ಅದನ್ನು ಕೊಂಡ ಮೇಲೆ ನಜ್ಮಿಯಾ, "ಇದು ಕಸೂತಿಯಲ್ಲ, ಯಂತ್ರದ ಅಚ್ಚು" ಎಂದು ಊರೆಲ್ಲ ಆಡಿಕೊಂಡಿದ್ದಳು. ಆರು ವರ್ಷ ಮಾತಿರಲಿಲ್ಲ. ಆ ಬಾಗಿಲು ತಟ್ಟುವಾಗ ಚಿಕ್ಕಮ್ಮನ ಮುಖ ನೋಡಿ ನನಗೇ ಸಂಕಟವಾಯಿತು.

"ಯಂತ್ರಕ್ಕೆ ಜ್ವರ ಬಂತಾ ಫಿಕ್ರಿಯಾ?"

"ಸತ್ತೇ ಹೋಯ್ತು. ನಿನ್ನ ಉಡುಪು ನಾಲ್ಕು ದಿನ ಬೇಕು. ನಿಂದು ಅದು. ಕೊಡಲ್ಲ ಅಂದ್ರೆ ಬಂದ ದಾರೀಲೇ ಹೋಗ್ತೀನಿ."

ನಜ್ಮಿಯಾ ಒಳಗೆ ಹೋಗಿ ಟ್ರಂಕಿನಿಂದ ಉಡುಪು ತಂದಳು. "ಸೊಂಟದ ಹತ್ರ ಕತ್ತರಿಸಿ ಪಟ್ಟಿ ಸೇರಿಸಿದೀನಿ. ಬೈಬೇಡ."

"ನಿನ್ನ ಹೊಟ್ಟೆ, ನಿನ್ನ ಬಟ್ಟೆ. ನಂಗೇನು?"

ಉಡುಪನ್ನು ಒಳಮೈ ಮೇಲಾಗುವಂತೆ ಹಾಸಿ ಹೊಲಿಗೆ ಎಣಿಸಿದರು. ಬಲತೋಳು ಚಿಕ್ಕಮ್ಮ, ಎಡತೋಳು ನಜ್ಮಿಯಾ, ಕೈಸೂಜಿಯಲ್ಲೇ ಹೊಲಿಯತೊಡಗಿದರು. ಮೂರನೆಯ ದಿನ ವಾಇಲ್ ಫೋನು ಮಾಡಿ, ಅರ್ಧ ದರಕ್ಕೆ ಬೀಗ ತೆಗೆಸುತ್ತೇನೆ ಎಂದ.

"ಕೇಳಿಲ್ಲಿ," ಅಂದಳು ಚಿಕ್ಕಮ್ಮ. "ನಾನು ಮಾರಿದ ಉಡುಪನ್ನ ಇವಳು ಕತ್ತರಿಸಿದಾಳೆ, ತೇಪೆ ಹಾಕಿದಾಳೆ, ಊರ ತುಂಬ ಬೈಕೊಂಡು ತಿರುಗಿದಾಳೆ. ನಾನು ಹೋಗಿ ಇವಳ ಟ್ರಂಕಿಗೆ ಬೀಗ ಜಡಿದ್ನಾ? ಮಾರೋದು ಅಂದ್ರೇನು ಅಂತ ನಮ್ಮಂಗಡೀಲಿ ಕೂತು ಕಲಿ, ಬಾ."

ಮದರಂಗಿಯ ದಿನ ಸಮಾಹ್ ಎರಡೂ ತೋಳೆತ್ತಿ ಕುಣಿದಳು. ಎಡತೋಳಿನ ಸಾಲು ಕೊಂಚ ಸೊಟ್ಟಗಿತ್ತು.

ಮರುದಿನ ಚಿಕ್ಕಮ್ಮ ನಮೂನೆಯನ್ನು ಚೌಕುಳಿ ಕಾಗದಕ್ಕಿಳಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿದಳು. ಹೊಲಿಗೆ ಎಣಿಸಿಕೊಂಡು ಹೋಗುವವರ ಹೆಸರನ್ನೂ ಅವಳು ಕೇಳುವುದಿಲ್ಲ.